ಫಿರಂಗಿಯ ಮೂತಿ ಯಾವ ಕಡೆಗಿದೆ? ಫುಟ್‌ಬಾಲ್ ಕ್ಲಬ್ಬಿನ ಲಾಂಛನ ಮತ್ತು ಬಾವುಟಗಳ ಕಾಲ ಗುರುತಿಸುವ ಬಗೆ

ಕೆಂಪು ಬಟ್ಟೆ, ನಡುವೆ ಒಂದು ಫಿರಂಗಿ. ಇದು ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಬಾವುಟ ಎಂದು ಫುಟ್‌ಬಾಲ್ ನೋಡುವ ಯಾರಾದರೂ ಹೇಳುತ್ತಾರೆ. ಆದರೆ ಯಾವ ಕಾಲದ್ದು? 1920ರ ದಶಕದ್ದೋ, 1970ರ ದಶಕದ್ದೋ, ಹೋದ ವರ್ಷ ಅಚ್ಚಾಗಿ ಬಂದದ್ದೋ? ಹಳೆಯ ಫೋಟೊ, ಪಂದ್ಯದ ಪುಸ್ತಿಕೆ, ಬಾವುಟ, ಜೆರ್ಸಿ ಕೂಡಿಡುವವರಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಉತ್ತರ ಹುಡುಕಲು ಒಂದು ಕ್ರಮವಿದೆ. ಅದನ್ನು ಆರ್ಸೆನಲ್ ಒಂದನ್ನೇ ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಹಂತಹಂತವಾಗಿ ಬರೆಯುತ್ತೇನೆ. ಹತ್ತು ಕ್ಲಬ್‌ಗಳನ್ನು ಮೇಲೆಮೇಲೆ ಮುಟ್ಟಿ ಬರುವುದಕ್ಕಿಂತ ಒಂದರ ಆಳಕ್ಕೆ ಇಳಿದರೆ ಕೆಲಸ ಚೆನ್ನಾಗಿ ಕೈಗೆ ಹತ್ತುತ್ತದೆ.

ಶುರು ಮಾಡುವ ಮೊದಲೇ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ಲಾಂಛನಕ್ಕೆ ಒಂದೇ ವರ್ಷ ಇರುವುದಿಲ್ಲ. ಕ್ಲಬ್ ಅದನ್ನು ಒಪ್ಪಿಕೊಂಡ ವರ್ಷ ಬೇರೆ, ಆಟಗಾರನ ಎದೆಗೆ ಬಂದ ವರ್ಷ ಬೇರೆ, ಅಭಿಮಾನಿಯ ಕೈಯ ಬಾವುಟಕ್ಕೆ ಇಳಿದ ವರ್ಷ ಮತ್ತೂ ಬೇರೆ. ಇವುಗಳ ನಡುವೆ ನಾಲ್ಕು ದಶಕಗಳ ಅಂತರ ಇರುವುದೂ ಉಂಟು. ಅಂತರ್ಜಾಲದಲ್ಲಿ ಹರಿದಾಡುವ 'ಲಾಂಛನದ ಇತಿಹಾಸ' ಎಂಬ ಚಿತ್ರಪಟ್ಟಿಗಳು ಎಡವುವುದು ಇಲ್ಲಿಯೇ. ಅವು ಒಂದರ ಪಕ್ಕ ಒಂದು ಚಿತ್ರ ಜೋಡಿಸಿ ಕೆಳಗೆ ಇಸವಿ ಹಾಕುತ್ತವೆ. ಆ ಇಸವಿ ಎಲ್ಲಿಂದ ಬಂತು, ಕಾಗದದ್ದೋ ಬಟ್ಟೆಯದ್ದೋ ಎಂದು ಹೇಳುವುದಿಲ್ಲ.

ಹಂತ 1: ನಾಲ್ಕು ಅಂಕಣಗಳ ಪಟ್ಟಿ

ಒಂದು ದೊಡ್ಡ ಹಾಳೆಯಲ್ಲೋ ಕಂಪ್ಯೂಟರಿನಲ್ಲೋ ನಾಲ್ಕು ಅಂಕಣ ಎಳೆಯಿರಿ. ಕಾಗದ, ಅಂಗಿ, ಕಟ್ಟಡ, ಬಾವುಟ. ಪಂದ್ಯದ ಪುಸ್ತಿಕೆ, ಟಿಕೆಟ್, ಕ್ಲಬ್ಬಿನ ಪತ್ರಶೀರ್ಷಿಕೆ ಮೊದಲನೆಯದರಲ್ಲಿ. ಆಟಗಾರರು ತೊಟ್ಟದ್ದು ಎರಡನೆಯದರಲ್ಲಿ. ಕ್ರೀಡಾಂಗಣದ ಗೋಡೆ, ಬಾಗಿಲು, ನೆಲದ ಮೇಲೆ ಕೆತ್ತಿದ್ದು ಮೂರನೆಯದರಲ್ಲಿ. ಕಂಬಕ್ಕೆ ಏರಿಸಿದ ಬಾವುಟ, ಅಭಿಮಾನಿಗಳು ಬೀಸುವ ಬಾವುಟ, ಪಂದ್ಯಕ್ಕೆ ಮುನ್ನ ನಾಯಕರು ಪರಸ್ಪರ ಕೊಟ್ಟುಕೊಳ್ಳುವ ಪೆನ್ನಂಟ್ ನಾಲ್ಕನೆಯದರಲ್ಲಿ. ಸಿಕ್ಕ ಪ್ರತಿ ಸಾಕ್ಷಿಯೂ ಈ ನಾಲ್ಕರಲ್ಲಿ ಒಂದಕ್ಕೆ ಹೋಗಬೇಕು.

ಇವುಗಳಲ್ಲಿ ಕಾಗದದ ಮಾತಿಗೆ ತೂಕ ಹೆಚ್ಚು, ಯಾಕೆಂದರೆ ಪಂದ್ಯದ ಪುಸ್ತಿಕೆಯ ಮೇಲೆ ದಿನಾಂಕ ಅಚ್ಚಾಗಿರುತ್ತದೆ. ಅಭಿಮಾನಿಯ ಬಾವುಟದ ಮೇಲೆ ದಿನಾಂಕ ಇರುವುದು ಅಪರೂಪ. ಪೆನ್ನಂಟ್ ಮಾತ್ರ ಬಟ್ಟೆಗಳ ಪೈಕಿ ಚಿನ್ನದಂಥ ಸಾಕ್ಷಿ. ಅದರ ಮೇಲೆ ಎದುರಾಳಿ ತಂಡದ ಹೆಸರು, ಪಂದ್ಯದ ದಿನ, ಟೂರ್ನಿಯ ಹೆಸರು ಕಸೂತಿಯಲ್ಲೋ ಅಚ್ಚಿನಲ್ಲೋ ಇರುವುದು ಸಾಮಾನ್ಯ. ಒಂದು ಪೆನ್ನಂಟ್ ಸಿಕ್ಕರೆ ಆ ದಿನ ಕ್ಲಬ್ ಯಾವ ಲಾಂಛನವನ್ನು ತನ್ನದೆಂದು ಜಗತ್ತಿಗೆ ತೋರಿಸುತ್ತಿತ್ತು ಎಂಬುದು ತೀರ್ಮಾನವಾದಂತೆಯೇ.

ಹಂತ 2: ಹೆಸರು, ಊರು, ಮೈದಾನ ಮೊದಲು

ಚಿತ್ರಗಳಿಗೆ ಕೈ ಹಾಕುವ ಮುಂಚೆ ಕ್ಲಬ್ಬಿನ ಹೆಸರು ಯಾವಾಗ ಬದಲಾಯಿತು, ಮೈದಾನ ಯಾವಾಗ ಬದಲಾಯಿತು ಎಂಬುದನ್ನು ಬರೆದುಕೊಳ್ಳಿ. ಲಾಂಛನಗಳು ಹೆಚ್ಚಾಗಿ ಈ ತಿರುವುಗಳಲ್ಲಿಯೇ ಬದಲಾಗುತ್ತವೆ.

ಆರ್ಸೆನಲ್ 1886ರಲ್ಲಿ ಹುಟ್ಟಿತು. ಆಗ್ನೇಯ ಲಂಡನ್ನಿನ ವುಲಿಚ್‌ನಲ್ಲಿದ್ದ ರಾಯಲ್ ಆರ್ಸೆನಲ್ ಎಂಬ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರು ಸೇರಿ ಕಟ್ಟಿದ ತಂಡ ಅದು. ಮೊದಲು ಡಯಲ್ ಸ್ಕ್ವೇರ್ ಎಂಬ ಹೆಸರು, ಕೂಡಲೇ ರಾಯಲ್ ಆರ್ಸೆನಲ್. 1891ರಲ್ಲಿ ಆಟಗಾರರಿಗೆ ಸಂಬಳ ಕೊಡುವ ವೃತ್ತಿಪರ ಕ್ಲಬ್ ಆಯಿತು. 1893ರಲ್ಲಿ ವುಲಿಚ್ ಆರ್ಸೆನಲ್ ಎಂಬ ಹೆಸರಿನಲ್ಲಿ ಫುಟ್‌ಬಾಲ್ ಲೀಗ್ ಸೇರಿತು. 1913ರಲ್ಲಿ ಥೇಮ್ಸ್ ನದಿ ದಾಟಿ ಉತ್ತರ ಲಂಡನ್ನಿನ ಹೈಬರಿಗೆ ಬಂತು. ಅಲ್ಲಿಗೆ ಬಂದ ಮೇಲೆ ಹೆಸರಿನಿಂದ ವುಲಿಚ್ ಕಳಚಿಬಿತ್ತು. 2006ರಲ್ಲಿ ಹೈಬರಿ ಬಿಟ್ಟು ಎಮಿರೇಟ್ಸ್ ಕ್ರೀಡಾಂಗಣಕ್ಕೆ ಹೋಯಿತು.

ಫಿರಂಗಿ ಯಾಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು. ಕ್ಲಬ್ ಊರು ಬಿಟ್ಟು ಬಂದರೂ ಹುಟ್ಟಿದ ಕಾರ್ಖಾನೆಯ ಗುರುತನ್ನು ಬಿಡಲಿಲ್ಲ. ಈ ನಿಷ್ಠೆ ನನಗೆ ಬಹಳ ಇಷ್ಟ. ಇವತ್ತು ಆ ಲಾಂಛನ ತೊಟ್ಟು ಕೂಗುವ ಲಕ್ಷಾಂತರ ಜನ ವುಲಿಚ್ ನೋಡಿಯೇ ಇಲ್ಲ. ಆದರೂ ಕಾರ್ಖಾನೆಯ ಕೆಲಸಗಾರರ ಹೆಮ್ಮೆ ಅವರ ಎದೆಯ ಮೇಲಿದೆ.

ಹಂತ 3: ಚಿತ್ರವನ್ನು ಬಿಡಿಬಿಡಿಯಾಗಿ ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಅವಸರ ಬೇಡ. ಲಾಂಛನವನ್ನು ಒಟ್ಟಾಗಿ ನೋಡಿದರೆ 'ಹಳೆಯದು', 'ಹೊಸದು' ಎಂಬ ಮಸುಕು ಅನಿಸಿಕೆ ಮಾತ್ರ ಹುಟ್ಟುತ್ತದೆ. ಅದನ್ನು ಭಾಗಭಾಗವಾಗಿ ಬಿಡಿಸಿ. ಮುಖ್ಯ ಚಿತ್ರ ಯಾವುದು, ಅದು ಎತ್ತ ಮುಖ ಮಾಡಿದೆ, ಎಷ್ಟು ಇವೆ, ಅಕ್ಷರದ ಶೈಲಿ ಯಾವುದು, ಯಾವ ಭಾಷೆಯ ಮಾತು ಇದೆ, ಬಣ್ಣಗಳು ಯಾವುವು, ಹೊರಗಿನ ಚೌಕಟ್ಟು ಗುರಾಣಿಯೋ ವೃತ್ತವೋ. ಒಂದೊಂದನ್ನೂ ಬೇರೆ ಬೇರೆ ಬರೆಯಿರಿ.

ಆರ್ಸೆನಲ್‌ನಲ್ಲಿ ಇದನ್ನು ಮಾಡಿ ನೋಡೋಣ.

1888ರ ಮೊದಲ ಲಾಂಛನದಲ್ಲಿ ಮೂರು ಕಂಬಗಳಂಥ ಆಕಾರಗಳು ಮೇಲ್ಮುಖವಾಗಿ ನಿಂತಿವೆ. ಮೊದಲ ಸಲ ನೋಡುವವರು ಕಾರ್ಖಾನೆಯ ಚಿಮಣಿಗಳು ಎಂದುಕೊಳ್ಳುತ್ತಾರೆ. ಕಾರ್ಖಾನೆಯ ತಂಡ ಎಂದು ಗೊತ್ತಿದ್ದವರಂತೂ ಖಂಡಿತ ಹಾಗೆಯೇ ತಿಳಿಯುತ್ತಾರೆ. ಭೂತಗನ್ನಡಿ ಹಿಡಿದು ನೋಡಿ. ಪ್ರತಿ ಕಂಬದ ಮೇಲೂ ಕೆತ್ತಿದ ಸಿಂಹದ ತಲೆ ಇದೆ, ಒಂದು ತುದಿಯಲ್ಲಿ ಗುಂಡಿಯಂಥ ಉಬ್ಬು ಇದೆ. ಆ ಉಬ್ಬು ಹಳೆಯ ಕಾಲದ ಫಿರಂಗಿಯ ಹಿಂತುದಿಯಲ್ಲಿ ಇರುತ್ತಿದ್ದದ್ದು. ಚಿಮಣಿಗೆ ಸಿಂಹದ ತಲೆಯೂ ಇಲ್ಲ, ಗುಂಡಿಯೂ ಇಲ್ಲ. ಅಂದರೆ ಇವು ಮೇಲಿನಿಂದ ನೋಡಿದ ಮೂರು ಫಿರಂಗಿಗಳು. ವುಲಿಚ್‌ನ ಪುರಸಭಾ ಲಾಂಛನದಲ್ಲಿರುವ ಮೂರು ಫಿರಂಗಿಗಳ ಹೋಲಿಕೆ ಇದರಲ್ಲಿ ಎದ್ದು ಕಾಣುತ್ತದೆ. 1913ರಲ್ಲಿ ಮೈದಾನ ಬದಲಾದ ಬಳಿಕ ಇದು ಮರೆಯಾಯಿತು.

1922ರಲ್ಲಿ ಫಿರಂಗಿ ಮರಳಿ ಬಂತು, ಈ ಸಲ ಒಂದೇ ಒಂದು. ಪಕ್ಕದಿಂದ ನೋಡಿದಂತೆ ಬಿಡಿಸಿದ್ದು, ಗಾಲಿಯ ಮೇಲೆ ನಿಂತಿದ್ದು, ಮೂತಿ ಬಲಕ್ಕೆ. ಜೊತೆಯಲ್ಲಿ ತಂಡದ ಅಡ್ಡಹೆಸರಾದ 'ದ ಗನ್ನರ್ಸ್', ಅಂದರೆ ಫಿರಂಗಿಯವರು, ಎಂಬ ಮಾತು. ಇದು ಮೂರೇ ವರ್ಷ ಬಾಳಿತು. 1925ರಲ್ಲಿ ಫಿರಂಗಿಯನ್ನು ತಿರುಗಿಸಿ ಮೂತಿಯನ್ನು ಎಡಕ್ಕೆ ಮಾಡಿದರು, ನಳಿಗೆಯನ್ನು ತೆಳ್ಳಗೆ ಮಾಡಿದರು.

ಮುಂದಿನದು 1949. 1947–48ರಲ್ಲಿ ಆರ್ಸೆನಲ್ ಲೀಗ್ ಗೆದ್ದಿತ್ತು. ಪಂದ್ಯದ ಪುಸ್ತಿಕೆಯ ಸಂಪಾದಕರಾಗಿದ್ದ ಹ್ಯಾರಿ ಹೋಮರ್ ತಂಡಕ್ಕೊಂದು ಲ್ಯಾಟಿನ್ ಧ್ಯೇಯವಾಕ್ಯ ಕಟ್ಟಿಕೊಟ್ಟರು. 'ವಿಕ್ಟೋರಿಯಾ ಕಾಂಕೋರ್ಡಿಯಾ ಕ್ರೆಸ್ಕಿಟ್', ಗೆಲುವು ಒಗ್ಗಟ್ಟಿನಿಂದ ಬೆಳೆಯುತ್ತದೆ ಎಂದು ಅರ್ಥ. 1949ರ ಲಾಂಛನದ ಕೆಳಭಾಗದಲ್ಲಿ ಪಟ್ಟಿಯ ಮೇಲೆ ಈ ಮಾತು ಸೇರಿತು. ಮೇಲೆ ಗೋಥಿಕ್ ಶೈಲಿಯ ದಪ್ಪ, ಮೊನಚು ಅಕ್ಷರಗಳಲ್ಲಿ ಕ್ಲಬ್ಬಿನ ಹೆಸರು, ಅದರ ಕೆಳಗೆ ಹಳೆಯ ಶೈಲಿಯ ಫಿರಂಗಿ, ಅದರ ಕೆಳಗೆ ಹೈಬರಿ ಸೇರಿದ್ದ ಇಸ್ಲಿಂಗ್ಟನ್ ಪುರಸಭೆಯ ಲಾಂಛನ. ಬಣ್ಣದಲ್ಲಿ ಮೂಡಿದ ಮೊದಲ ಲಾಂಛನ ಇದೇ. ಬಣ್ಣಗಳು ವರ್ಷ ಕಳೆದಂತೆ ಅಲ್ಪಸ್ವಲ್ಪ ಬದಲಾಗುತ್ತಾ ಕೊನೆಗೆ ಕೆಂಪು, ಬಂಗಾರದ ಬಣ್ಣ, ಹಸಿರು ಎಂದು ನೆಲೆಗೊಂಡವು.

ಆ ಚಿಕ್ಕಪುಟ್ಟ ಬದಲಾವಣೆಗಳೇ ಮುಂದೆ ತೊಡಕಾದವು. ಇಷ್ಟೊಂದು ಸಲ ತಿದ್ದಿದ ಚಿತ್ರಕ್ಕೆ ಕೃತಿಸ್ವಾಮ್ಯ ಪಡೆಯುವುದು ಕ್ಲಬ್ಬಿಗೆ ಸಾಧ್ಯವಾಗಲಿಲ್ಲ. ಟ್ರೇಡ್‌ಮಾರ್ಕ್ ಇತ್ತು, ಕ್ರೀಡಾಂಗಣದ ಬಳಿ ಸರಕು ಮಾರುತ್ತಿದ್ದ ಬೀದಿ ವ್ಯಾಪಾರಿಯೊಬ್ಬರ ವಿರುದ್ಧದ ದೀರ್ಘ ಮೊಕದ್ದಮೆಯೂ ಕಡೆಗೆ ಕ್ಲಬ್ಬಿನ ಪರವಾಯಿತು. ಆದರೂ ಗಟ್ಟಿಯಾದ ರಕ್ಷಣೆ ಬೇಕೆಂದು 2002ರಲ್ಲಿ ಪೂರ್ತಿ ಹೊಸ ಲಾಂಛನ ತಂದರು. ಗೋಥಿಕ್ ಅಕ್ಷರ ಹೋಗಿ ಸಾದಾ ಅಕ್ಷರ ಬಂತು. ಲ್ಯಾಟಿನ್ ವಾಕ್ಯ ಹೋಯಿತು, ಇಸ್ಲಿಂಗ್ಟನ್ ಹೋಯಿತು. ಹಸಿರಿನ ಜಾಗಕ್ಕೆ ಕಡುನೀಲಿ ಬಂತು. ಫಿರಂಗಿ ಮತ್ತೆ ಬಲಕ್ಕೆ ತಿರುಗಿತು. ತಮ್ಮನ್ನು ಸರಿಯಾಗಿ ಕೇಳಲಿಲ್ಲ, ಪರಂಪರೆಯನ್ನು ಕಡೆಗಣಿಸಿದರು ಎಂದು ಅಭಿಮಾನಿಗಳ ಸಂಘ ದೂರಿತು. ಆ ದೂರಿನಲ್ಲಿ ನ್ಯಾಯವಿದೆ ಎಂದೇ ನನ್ನ ಭಾವನೆ. ಒಗ್ಗಟ್ಟಿನ ಮಾತು ಹೇಳುವ ವಾಕ್ಯವನ್ನು ಎದೆಯಿಂದ ತೆಗೆಯುವಾಗ ಎದೆಯ ಯಜಮಾನರನ್ನು ಒಂದು ಮಾತು ಕೇಳಬೇಕಿತ್ತು.

ಇಷ್ಟನ್ನು ಬಿಡಿಸಿ ಬರೆದುಕೊಂಡ ಮೇಲೆ ನಿಮ್ಮ ಕೈಗೆ ಒಂದು ಸರಳ ಕೀಲಿ ಸಿಗುತ್ತದೆ. ಕಾಗದದ ಮೇಲೆ ಫಿರಂಗಿಗಳು ಮೂರಿದ್ದರೆ 1913ಕ್ಕೆ ಹಿಂದಿನದು. ಒಂದೇ ಇದ್ದು ಮೂತಿ ಎಡಕ್ಕಿದ್ದರೆ 1925ರಿಂದ 2002ರ ನಡುವಿನದು. ಬಲಕ್ಕಿದ್ದರೆ 1922–25 ಅಥವಾ 2002ರ ನಂತರದ್ದು, ಇವೆರಡನ್ನು ನಳಿಗೆಯ ದಪ್ಪ ಮತ್ತು ಅಕ್ಷರ ನೋಡಿ ಬೇರ್ಪಡಿಸಬಹುದು. ಎಡಮೂತಿಯ ಜೊತೆ ಗೋಥಿಕ್ ಅಕ್ಷರವೂ ಲ್ಯಾಟಿನ್ ವಾಕ್ಯವೂ ಇದ್ದರೆ 1949ರ ಈಚಿನದು. ಹಸಿರು ಬದಲು ಕಡುನೀಲಿ ಇದ್ದರೆ 2002 ದಾಟಿದೆ. ಬೇರೆ ಯಾವ ಕ್ಲಬ್ ಹಿಡಿದರೂ ಹೀಗೆ ಆರೇಳು ಸಾಲಿನ ಒಂದು ಕೀಲಿಯನ್ನು ತಯಾರಿಸಿಕೊಳ್ಳುವುದೇ ಈ ಹಂತದ ಗುರಿ.

ಹಂತ 4: ಅಂಗಿಗೆ ಬೇರೆ ಲೆಕ್ಕ

ಈಗ ಎರಡನೇ ಅಂಕಣಕ್ಕೆ ಬನ್ನಿ. ಮೇಲಿನ ಕೀಲಿ ಕಾಗದಕ್ಕೆ ಹೊಂದುತ್ತದೆ, ಅಂಗಿಗೆ ಹಾಗೆಯೇ ಹೊಂದುವುದಿಲ್ಲ. ಯಾಕೆಂದರೆ 1960ರ ದಶಕದವರೆಗೂ ಆರ್ಸೆನಲ್ ಆಟಗಾರರು ಸಾಮಾನ್ಯ ಪಂದ್ಯಗಳಲ್ಲಿ ಲಾಂಛನವನ್ನೇ ತೊಡುತ್ತಿರಲಿಲ್ಲ. ಎಫ್‌ಎ ಕಪ್ ಫೈನಲ್‌ನಂಥ ದೊಡ್ಡ ಪಂದ್ಯಗಳಿಗೆ ಮಾತ್ರ ಎದೆಯ ಮೇಲೆ ಒಂದು ಗುರುತು ಇರುತ್ತಿತ್ತು, ಅದೂ ಬಹುಮಟ್ಟಿಗೆ ಕ್ಲಬ್ಬಿನ ಮೊದಲಕ್ಷರಗಳ ಹೆಣಿಗೆ. ಫಿರಂಗಿಯ ಸುಳಿವೇ ಇಲ್ಲ!

ಆ ಅಕ್ಷರದ ಹೆಣಿಗೆಯಲ್ಲಿ ಒಂದನ್ನು ಹತ್ತಿರದಿಂದ ನೋಡಿ. 1925ರಿಂದ 1934ರವರೆಗೆ ತಂಡದ ಮ್ಯಾನೇಜರ್ ಆಗಿದ್ದ ಹರ್ಬರ್ಟ್ ಚಾಪ್‌ಮನ್ ಕಾಲದ ಬದಲಾವಣೆಗಳ ಭಾಗವಾಗಿ 1930ರ ದಶಕದಲ್ಲಿ ಬಂದದ್ದು ಅದು. ಆರು ಮೂಲೆಯ ಚೌಕಟ್ಟು, ಒಳಗೆ ಎ ಮತ್ತು ಸಿ ಅಕ್ಷರಗಳು. ನಡುವೆ ಎಫ್ ಅಕ್ಷರ ಇರಬೇಕಾದ ಜಾಗದಲ್ಲಿ ಒಂದು ಚೆಂಡು. ಅಕ್ಷರದ ಕೆಲಸವನ್ನು ಚೆಂಡಿನಿಂದ ಮಾಡಿಸಿದ ಆ ಕಲಾವಿದನ ಜಾಣ್ಮೆಗೆ ಎಷ್ಟು ಮೆಚ್ಚಿದರೂ ಸಾಲದು. ಇದೇ ಗುರುತು ಹೈಬರಿಯ ಮುಖ್ಯದ್ವಾರದ ಮೇಲೆ, ಒಳಗಿನ ನೆಲದ ಮೇಲೆ ಕೂಡ ಇತ್ತು. ನಮ್ಮ ಮೂರನೇ ಅಂಕಣ, ಕಟ್ಟಡ, ತುಂಬುವುದು ಇಂಥ ಸಾಕ್ಷಿಗಳಿಂದ.

1967ರಿಂದ ಬಿಳಿ ಫಿರಂಗಿಯೊಂದು ಅಂಗಿಯ ಮೇಲೆ ಕಾಯಂ ಆಯಿತು. 1949ರಲ್ಲೇ ಕಾಗದದ ಮೇಲೆ ಬಂದಿದ್ದ ಪೂರ್ಣ ಲಾಂಛನ ಅಂಗಿಯ ಕಾಯಂ ಗುರುತಾದದ್ದು 1990ರ ದಶಕದಲ್ಲಿ. ನಾಲ್ಕು ದಶಕಗಳ ಅಂತರ ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. 1970ರ ದಶಕದ ಲೀಗ್ ಪಂದ್ಯದ್ದು ಎಂದು ಹೇಳಿ ಪೂರ್ಣ ಲಾಂಛನ, ಲ್ಯಾಟಿನ್ ವಾಕ್ಯ ಸಹಿತ ಇರುವ ಅಂಗಿಯನ್ನು ಯಾರಾದರೂ ಮಾರಲು ಬಂದರೆ ಹಣ ಕೊಡುವ ಮೊದಲು ಎರಡು ಸಲ ಯೋಚಿಸಿ.

ಹಂತ 5: ಸುತ್ತಲಿನ ಸಾಕ್ಷಿಯನ್ನೂ ಕೇಳಿ

ಲಾಂಛನ ಎಂದೂ ಒಂಟಿಯಾಗಿರುವುದಿಲ್ಲ. ಅದರ ಪಕ್ಕದಲ್ಲಿ ಪ್ರಾಯೋಜಕರ ಹೆಸರು, ಅಂಗಿ ತಯಾರಿಸಿದ ಕಂಪನಿಯ ಗುರುತು ಇರುತ್ತವೆ. ಇವುಗಳ ಕಾಲ ಒಪ್ಪಂದದ ಪ್ರಕಾರ ಖಚಿತವಾಗಿ ಗೊತ್ತಿರುತ್ತದೆ. ಆರ್ಸೆನಲ್ ಅಂಗಿಯ ಮೇಲೆ 1981ರಿಂದ 1999ರವರೆಗೆ ಜೆವಿಸಿ, ನಂತರ 2002ರವರೆಗೆ ಸೆಗಾ ಕಂಪನಿಯ ಹೆಸರುಗಳು, 2002ರಿಂದ 2006ರವರೆಗೆ ಓ2, ಆ ಮೇಲೆ ಎಮಿರೇಟ್ಸ್. ತಯಾರಕರಲ್ಲಿ 1986ರಿಂದ 1994ರವರೆಗೆ ಅಡಿಡಾಸ್, 2014ರವರೆಗೆ ನೈಕಿ, 2019ರವರೆಗೆ ಪೂಮಾ, ಆಮೇಲೆ ಮತ್ತೆ ಅಡಿಡಾಸ್.

ಇವನ್ನು ಲಾಂಛನದ ಕೀಲಿಯ ಮೇಲೆ ಇಟ್ಟು ನೋಡಿದಾಗ ವರ್ಷ ತಾನಾಗಿ ಕಿರಿದಾಗುತ್ತದೆ. ಕಡುನೀಲಿ ಅಂಚಿನ ಬಲಮೂತಿ ಲಾಂಛನ ಮತ್ತು ಓ2 ಜೊತೆಗಿದ್ದರೆ 2002–06. ಗೋಥಿಕ್ ಅಕ್ಷರದ ಲಾಂಛನ ಮತ್ತು ಜೆವಿಸಿ, ನೈಕಿ ಮೂರೂ ಇದ್ದರೆ 1994–99. ಗೋಥಿಕ್ ಅಕ್ಷರದ ಲಾಂಛನದ ಪಕ್ಕ ಎಮಿರೇಟ್ಸ್ ಎಂದು ಇದ್ದರೆ? ಕ್ಲಬ್ ಆ ಜೋಡಿಯನ್ನು ಪಂದ್ಯಕ್ಕೆ ಇಳಿಸಿದ ಕಾಲವೇ ಇಲ್ಲ. ಯಾರೋ ಎರಡು ಕಾಲಗಳನ್ನು ಒಂದೇ ಬಟ್ಟೆಯ ಮೇಲೆ ಹೊಲಿದಿದ್ದಾರೆ.

ಹಂತ 6: ಬಾವುಟವನ್ನು ಎರಡೂ ಮಗ್ಗುಲಿನಿಂದ ನೋಡಿ

ಅಂಗಿಗೆ ಒಂದೇ ಮುಖ. ಬಾವುಟಕ್ಕೆ ಎರಡು. ಈ ಚಿಕ್ಕ ವಿಷಯ ಅನುಭವಿಗಳನ್ನೂ ದಾರಿ ತಪ್ಪಿಸುತ್ತದೆ.

ಅಭಿಮಾನಿಗಳ ಬಾವುಟಗಳಲ್ಲಿ ಹೆಚ್ಚಿನವು ತೆಳು ಬಟ್ಟೆಯ ಮೇಲೆ ಒಂದೇ ಮಗ್ಗುಲಿನಿಂದ ಅಚ್ಚು ಹಾಕಿದವು. ಬಣ್ಣ ಆಚೆ ಬದಿಗೆ ಇಳಿದು ಅಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುತ್ತದೆ. ಈಗ ಹಂತ 3ರ ಕೀಲಿಯನ್ನು ನೆನಪಿಸಿಕೊಳ್ಳಿ. ಫಿರಂಗಿಯ ಮೂತಿ ಎಡಕ್ಕಿದ್ದರೆ ಹಳೆಯದು, ಬಲಕ್ಕಿದ್ದರೆ ಹೊಸದು ಎಂದು ನಾವು ಬರೆದುಕೊಂಡಿದ್ದೇವೆ. 2010ರಲ್ಲಿ ಅಚ್ಚಾದ ಬಾವುಟವನ್ನು ಹಿಂಬದಿಯಿಂದ ನೋಡಿದರೆ ಮೂತಿ ಎಡಕ್ಕೇ ಕಾಣುತ್ತದೆ. ಅದನ್ನು ಫೋಟೊ ತೆಗೆದು ಕಳಿಸಿದರೆ ನೋಡಿದವರು 1960ರ ದಶಕ ಎಂದು ಹೇಳಿಬಿಡುತ್ತಾರೆ.

ಹಾಗಾಗಿ ಬಾವುಟ ಕೈಗೆ ಬಂದಾಗ ಹೀಗೆ ಮಾಡಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಾವುಟವನ್ನು ಸುಕ್ಕಿಲ್ಲದಂತೆ ಹರಡಿ. ಅಕ್ಷರಗಳಿದ್ದರೆ ಮೊದಲು ಅವನ್ನು ಓದಿ. ಅಕ್ಷರ ನೇರವಾಗಿ ಓದಲು ಬರುವ ಬದಿಯೇ ಮುಂಬದಿ. ಆ ಬದಿಯಲ್ಲಿ ಮಾತ್ರ ಫಿರಂಗಿಯ ದಿಕ್ಕನ್ನು ನಂಬಿ. ಅಕ್ಷರವೇ ಇಲ್ಲದೆ ಬರೀ ಫಿರಂಗಿ ಇದ್ದರೆ ಎರಡು ಬದಿಗಳ ಬಣ್ಣ ಹೋಲಿಸಿ, ಅಚ್ಚು ಬಿದ್ದ ಬದಿಯಲ್ಲಿ ಬಣ್ಣ ತುಂಬಿರುತ್ತದೆ, ಗೆರೆಯ ಅಂಚು ಚೂಪಾಗಿರುತ್ತದೆ. ಅಂಚಿನ ಹೊಲಿಗೆ ನೋಡಿ, ಮಡಚಿದ ಬಟ್ಟೆ ಯಾವ ಬದಿಗಿದೆಯೋ ಅದು ಸಾಮಾನ್ಯವಾಗಿ ಹಿಂಬದಿ. ಕೋಲು ತೂರಿಸುವ ಮಡಿಕೆ ಇದ್ದರೆ ಅದು ನಿಮ್ಮ ಎಡಗೈ ಕಡೆಗೆ ಬರುವಂತೆ ಹಿಡಿಯಿರಿ. ಬಾವುಟಶಾಸ್ತ್ರದ ವಾಡಿಕೆಯಲ್ಲಿ ಹಾಗೆ ಹಿಡಿದಾಗ ಕಾಣುವುದೇ ಮುಂಬದಿ. ಈ ಮೂರೂ ಒಂದೇ ಉತ್ತರ ಕೊಟ್ಟರೆ ಧೈರ್ಯವಾಗಿ ಬರೆದುಕೊಳ್ಳಿ. ಒಂದಕ್ಕೊಂದು ಹೊಂದದಿದ್ದರೆ ದಿಕ್ಕನ್ನು ಬಿಟ್ಟು ಬೇರೆ ಸುಳಿವುಗಳ ಮೇಲೆ ಭಾರ ಹಾಕಿ.

ಹಳೆಯ ಫೋಟೊಗಳಲ್ಲೂ ಇದೇ ಅಪಾಯ ಇದೆ. ನೆಗೆಟಿವ್ ತಿರುಗಿಸಿ ಹಾಕಿದ್ದರಿಂದ ಎಡ ಬಲವಾಗಿ ಅಚ್ಚಾದ ಚಿತ್ರಗಳು ಪುಸ್ತಕಗಳಲ್ಲೂ ಇರುತ್ತವೆ. ಹಿನ್ನೆಲೆಯ ಜಾಹೀರಾತು ಫಲಕದ ಅಕ್ಷರ, ಆಟಗಾರನ ಬೆನ್ನ ಸಂಖ್ಯೆ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ಅಂದ ಹಾಗೆ, ಬೆನ್ನ ಮೇಲಿನ ಸಂಖ್ಯೆಯೂ ಕಾಲ ಹೇಳುತ್ತದೆ. ಆರ್ಸೆನಲ್ ಅದನ್ನು ಮೊದಲು ಪ್ರಯೋಗಿಸಿದ್ದು 1928ರಲ್ಲಿ, ಚಾಪ್‌ಮನ್ ಕಾಲದಲ್ಲಿಯೇ. ಫುಟ್‌ಬಾಲ್ ಲೀಗ್ ಕಡ್ಡಾಯ ಮಾಡಿದ್ದು 1939ರಲ್ಲಿ.

ನಂತರ ಬಟ್ಟೆ. ಪಾಲಿಯೆಸ್ಟರ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಆದ್ದರಿಂದ ಪಾಲಿಯೆಸ್ಟರ್ ಬಾವುಟದ ಮೇಲೆ 1922ರ ದಪ್ಪ ನಳಿಗೆಯ ಫಿರಂಗಿ ಇದ್ದರೆ ಅದು ಹಳೆಯ ಲಾಂಛನದ ಹೊಸ ಮುದ್ರಣ. ಅಂಥವು ಬೇಕಾದಷ್ಟಿವೆ, ಅವುಗಳಲ್ಲಿ ತಪ್ಪೇನೂ ಇಲ್ಲ. ಹಳೆಯದನ್ನು ಪ್ರೀತಿಸುವವರು ಕೊಳ್ಳುತ್ತಾರೆ, ಬೀಸುತ್ತಾರೆ. ನಮ್ಮ ಪಟ್ಟಿಯಲ್ಲಿ ಮಾತ್ರ ಅದನ್ನು 1922ರ ಸಾಲಿಗೆ ಸೇರಿಸಬಾರದು. ಯುದ್ಧಪೂರ್ವ ಕಾಲದ್ದಾದರೆ ಉಣ್ಣೆಯನ್ನೋ ಹತ್ತಿಯನ್ನೋ ನಿರೀಕ್ಷಿಸಿ. ನೇರಳಾತೀತ ದೀಪದ ಕೆಳಗೆ ಹಿಡಿದಾಗ ಬಿಳಿಯ ಭಾಗ ನೀಲಿಯಾಗಿ ಹೊಳೆದರೆ ಅದರಲ್ಲಿ ಆಧುನಿಕ ಹೊಳಪು ರಾಸಾಯನಿಕ ಇದೆ ಎಂದು ಅರ್ಥ. ಆದರೆ ಇದೊಂದನ್ನೇ ನಂಬಬೇಡಿ, ಹಳೆಯ ಬಟ್ಟೆಯನ್ನು ಇತ್ತೀಚಿನ ಸೋಪಿನ ಪುಡಿಯಲ್ಲಿ ಒಗೆದರೂ ಅದು ಹೊಳೆಯುತ್ತದೆ. ಎಳೆ ಕಿತ್ತು ಸುಟ್ಟು ನೋಡುವ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ. ಉಳಿದಿರುವುದು ಒಂದೇ ಬಾವುಟ ಆಗಿರಬಹುದು.

ಹಂತ 7: ಅಲ್ಪಾಯುಷಿಗಳನ್ನು ಹುಡುಕಿ

ಐವತ್ತು ವರ್ಷ ಬಾಳಿದ ಲಾಂಛನಕ್ಕಿಂತ ಒಂದೇ ವರ್ಷ ಬಾಳಿದ್ದು ಕಾಲ ಹೇಳುವುದರಲ್ಲಿ ಹೆಚ್ಚು ಚುರುಕು. ಅದಕ್ಕಾಗಿ ವಾರ್ಷಿಕೋತ್ಸವಗಳನ್ನು ಪಟ್ಟಿ ಮಾಡಿ.

ಆರ್ಸೆನಲ್‌ನ 125ನೇ ವರ್ಷದ ಲಾಂಛನ 2011–12ರ ಋತುವಿಗೆ ಮಾತ್ರ ಬಂದದ್ದು. ಎಲೆಗಳನ್ನು ಎಣಿಸಿ. ಎಡಗಡೆ 15 ಲಾರೆಲ್ ಎಲೆ, ಬಲಗಡೆ 15 ಓಕ್ ಎಲೆ. ಕ್ಲಬ್ ಕಟ್ಟಲು ಆರಾರು ಪೆನ್ನಿ ಹಾಕಿದ 15 ಜನರ ನೆನಪಿಗೆ ಆ ಸಂಖ್ಯೆ. ಲಾರೆಲ್ ಆ ಕಾಲದ ಆರು ಪೆನ್ನಿ ನಾಣ್ಯದ ಹಿಂಬದಿಯಲ್ಲಿದ್ದ ಎಲೆ. ಓಕ್ ಎಲೆ ಅವರು ಸಭೆ ಸೇರಿದ ರಾಯಲ್ ಓಕ್ ಎಂಬ ಪಬ್ಬಿನ ಗುರುತು. ಕೆಳಗೆ 'ಫಾರ್ವರ್ಡ್' ಎಂಬ ಮಾತು, ಎರಡು ಬದಿಗೆ 1886 ಮತ್ತು 2011. ಬಾವುಟದ ಮೇಲೆ ಈ ಎಲೆಗಳು ಕಂಡರೆ ಬೇರೆ ಹುಡುಕಾಟವೇ ಬೇಕಿಲ್ಲ. ಹಾಗೆಯೇ ಹೈಬರಿಯ ಕೊನೆಯ ಋತುವಾದ 2005–06ರ ಅಂಗಿ. ಆ ಒಂದು ಋತುವಿಗೆ ಕೆಂಪು ಗಾಢವಾಗಿ ದ್ರಾಕ್ಷಾರಸದ ಬಣ್ಣಕ್ಕೆ ತಿರುಗಿತ್ತು, ಅಕ್ಷರಗಳು ಬಂಗಾರದ ಬಣ್ಣದಲ್ಲಿದ್ದವು.

ಅಭಿಮಾನಿಗಳು ಒಪ್ಪದೆ ಹಿಂದಕ್ಕೆ ಹೋದ ಲಾಂಛನಗಳೂ ಅಲ್ಪಾಯುಷಿಗಳೇ. ಎವರ್ಟನ್ 2013ರಲ್ಲಿ ತನ್ನ ಲ್ಯಾಟಿನ್ ಧ್ಯೇಯವಾಕ್ಯ ಬಿಟ್ಟು ಹೊಸದು ಬಿಡುಗಡೆ ಮಾಡಿತು. ಪ್ರತಿಭಟನೆ ಎದ್ದಿತು, ಮರುವರ್ಷ ಅಭಿಮಾನಿಗಳ ಮತದಿಂದ ಆಯ್ದ ಲಾಂಛನ ಬಂತು, ಧ್ಯೇಯವಾಕ್ಯವೂ ಮರಳಿತು. ಅಟ್ಲೆಟಿಕೊ ಮ್ಯಾಡ್ರಿಡ್ 2017ರಲ್ಲಿ ತಂದದ್ದನ್ನು ಸದಸ್ಯರ ಮತದ ನಂತರ 2024ರಲ್ಲಿ ಬಿಟ್ಟು ಹಳೆಯದಕ್ಕೆ ಮರಳಿತು. ಕಾರ್ಡಿಫ್ ಸಿಟಿ 2012ರಲ್ಲಿ ನೀಲಿ ಅಂಗಿಯನ್ನು ಕೆಂಪು ಮಾಡಿತು, ನೀಲಿ ಹಕ್ಕಿಯ ಜಾಗಕ್ಕೆ ಕೆಂಪು ಡ್ರ್ಯಾಗನ್ ತಂದಿತು. 2015ರ ಜನವರಿಯಲ್ಲಿ ನೀಲಿಗೆ ಹಿಂದಿರುಗಿತು. ಈ ಮೂರು ಕಾಲಾವಧಿಗಳನ್ನು ಬಾಯಿಪಾಠ ಮಾಡಿಕೊಂಡರೂ ಲಾಭವೇ.

ಹಂತ 8: ಬದಲಾವಣೆಯ ಹಿಂದೆ ಯಾರಿದ್ದಾರೆ ಎಂದು ಕೇಳಿ

ಕೆಲವು ಬದಲಾವಣೆಗಳನ್ನು ಕ್ಲಬ್ ತಾನಾಗಿ ಮಾಡಿದ್ದಲ್ಲ, ದೇಶದ ಆಡಳಿತ ಮಾಡಿಸಿದ್ದು. ಸ್ಪೇನ್ ಇದಕ್ಕೆ ಒಳ್ಳೆಯ ಪಾಠಶಾಲೆ.

ಬಾರ್ಸಿಲೋನಾ ಕ್ಲಬ್ 1910ರಲ್ಲಿ ಒಪ್ಪಿಕೊಂಡ ಲಾಂಛನದಲ್ಲಿ ಸಂತ ಜಾರ್ಜ್‌ನ ಶಿಲುಬೆ, ಕ್ಯಾಟಲೋನಿಯಾದ ಕೆಂಪು ಹಳದಿ ಪಟ್ಟೆಗಳು, ನಡುವಿನ ಅಡ್ಡಪಟ್ಟಿಯಲ್ಲಿ ಎಫ್‌ಸಿಬಿ ಎಂಬ ಅಕ್ಷರಗಳಿದ್ದವು. ಅಂತರ್ಯುದ್ಧ ಮುಗಿದು ಫ್ರಾಂಕೊ ಆಡಳಿತ ಬಂದ ಮೇಲೆ, 1940ರ ದಶಕದ ಆರಂಭದಲ್ಲಿ, ಕ್ಲಬ್ಬಿನ ಹೆಸರು ಸ್ಪ್ಯಾನಿಷ್ ರೂಪಕ್ಕೆ ತಿರುಗಿ ಅಕ್ಷರಗಳು ಸಿಎಫ್‌ಬಿ ಆದವು. ಕ್ಯಾಟಲನ್ ಧ್ವಜದ ನಾಲ್ಕು ಕೆಂಪು ಪಟ್ಟೆಗಳು ಎರಡಕ್ಕೆ ಇಳಿದವು. ಕ್ಲಬ್ಬಿಗೆ ಐವತ್ತು ತುಂಬಿದ 1949ರಲ್ಲಿ ನಾಲ್ಕು ಪಟ್ಟೆಗಳು ಮರಳಿದವು, ಅಕ್ಷರಗಳು ಮರಳಲು 1974ರವರೆಗೆ ಕಾಯಬೇಕಾಯಿತು. ಈಗ ಒಂದು ಪೆನ್ನಂಟ್ ಕೈಗೆತ್ತಿಕೊಂಡು ಎರಡೇ ಪ್ರಶ್ನೆ ಕೇಳಿ. ಅಕ್ಷರಗಳ ಕ್ರಮ ಯಾವುದು? ಕೆಂಪು ಪಟ್ಟೆಗಳು ಎಷ್ಟು? ಸಿಎಫ್‌ಬಿ ಜೊತೆ ಎರಡು ಪಟ್ಟೆ ಎಂದರೆ 1949ಕ್ಕೆ ಮುಂಚಿನದು. ಸಿಎಫ್‌ಬಿ ಜೊತೆ ನಾಲ್ಕು ಎಂದರೆ 1949ರಿಂದ 1974. ಜನರ ಭಾಷೆಯನ್ನು ಒಂದು ಬಟ್ಟೆಯ ತುಂಡಿನಿಂದ ಅಳಿಸಿದ್ದು, ಅದು ಮೆಲ್ಲಗೆ ಮರಳಿದ್ದು, ಎರಡೂ ಅಲ್ಲಿ ಎಣಿಸಲು ಸಿಗುತ್ತವೆ.

ರಿಯಲ್ ಮ್ಯಾಡ್ರಿಡ್‌ನಲ್ಲಿ ಕಿರೀಟ ನೋಡಿ. 1920ರಲ್ಲಿ ರಾಜ 13ನೇ ಅಲ್ಫೊನ್ಸೊ 'ರಿಯಲ್', ಅಂದರೆ ರಾಜಮನ್ನಣೆಯ, ಎಂಬ ಬಿರುದು ಕೊಟ್ಟಾಗ ಲಾಂಛನದ ಮೇಲೆ ಕಿರೀಟ ಬಂತು. 1931ರಲ್ಲಿ ಗಣರಾಜ್ಯ ಬಂದಾಗ ಕಿರೀಟ ಇಳಿಯಿತು, ಕ್ಯಾಸ್ಟೀಲ್ ಪ್ರಾಂತ್ಯದ ಗುರುತಾದ ನೇರಳೆ ಪಟ್ಟಿಯೊಂದು ಓರೆಯಾಗಿ ಸೇರಿತು. 1941ರಲ್ಲಿ ಕಿರೀಟ ಮರಳಿತು, ಪಟ್ಟಿ ಉಳಿಯಿತು. ಕಿರೀಟ ಇದ್ದು ಪಟ್ಟಿ ಇಲ್ಲ, ಪಟ್ಟಿ ಇದ್ದು ಕಿರೀಟ ಇಲ್ಲ, ಎರಡೂ ಇವೆ. ಮೂರು ಸ್ಥಿತಿ, ಮೂರು ಕಾಲ.

ಲಾಂಛನದ ಮೇಲಿನ ನಕ್ಷತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹತ್ತು ಲೀಗ್ ಪ್ರಶಸ್ತಿಗೆ ಒಂದು ನಕ್ಷತ್ರ ಎಂಬ ಪದ್ಧತಿಯನ್ನು ಯುವೆಂಟಸ್ 1958ರಲ್ಲಿ ಇಟಲಿಯಲ್ಲಿ ಶುರು ಮಾಡಿತು. 20ನೇ ಪ್ರಶಸ್ತಿ ಗೆದ್ದ ಇಂಟರ್ ಮಿಲಾನ್‌ಗೆ ಎರಡನೆಯದು ಬಂದದ್ದು 2024ರಲ್ಲಿ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ ಲೆಕ್ಕ ಬೇರೆ. ಅಲ್ಲಿ 3, 5, 10, 20, 30 ಪ್ರಶಸ್ತಿಗಳಿಗೆ ಒಂದೊಂದು ನಕ್ಷತ್ರ ಏರುತ್ತದೆ. ಒಂದು ದೇಶದ ಲೆಕ್ಕವನ್ನು ಇನ್ನೊಂದು ದೇಶಕ್ಕೆ ಹಚ್ಚಬೇಡಿ, ಅಷ್ಟೇ.

ಹಂತ 9: ಬರೆದಿಡುವುದು, ಕಾಪಾಡುವುದು

ಪ್ರತಿ ವಸ್ತುವಿನ ಎರಡೂ ಬದಿಯ ಫೋಟೊ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ನೆರಳಿನಲ್ಲಿ, ಹಗಲು ಬೆಳಕಿನಲ್ಲಿ ತೆಗೆದರೆ ಬಣ್ಣ ನಿಜಕ್ಕೆ ಹತ್ತಿರ ಬರುತ್ತದೆ. ಅಂಚಿನ ಹೊಲಿಗೆ, ತಯಾರಕರ ಚೀಟಿ, ಹರಿದ ಜಾಗ ಇವುಗಳ ಸಮೀಪದ ಚಿತ್ರ ಬೇರೆ ಇರಲಿ. ಬಟ್ಟೆಯನ್ನು ಮಡಚಿಡಬೇಡಿ, ಮಡಿಕೆಯ ಗೆರೆಯಲ್ಲೇ ಅದು ಮೊದಲು ಹರಿಯುವುದು. ಆಮ್ಲರಹಿತ ಕಾಗದ ಸುತ್ತಿದ ಕೊಳವೆಗೆ ಸುತ್ತಿ, ಬಿಸಿಲು ಬೀಳದ ಒಣ ಜಾಗದಲ್ಲಿ ಇಡಿ. ಗೋಡೆಗೆ ತೂಗುಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಹೊಸ ಮುದ್ರಣವನ್ನು ತೂಗುಹಾಕಿ, ಹಳೆಯದನ್ನು ಕೊಳವೆಯಲ್ಲಿಡಿ. ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಮಾಸಿದ ಮೇಲೆ ಹಂತ 6ರ ಬಣ್ಣದ ಹೋಲಿಕೆಗೂ ಅದು ಉಪಯೋಗಕ್ಕೆ ಬಾರದು.

ಬರೆಯುವಾಗ ಕಂಡದ್ದು ಬೇರೆ, ತೀರ್ಮಾನಿಸಿದ್ದು ಬೇರೆ ಇರಲಿ. 'ಬಹುಶಃ 1970ರ ದಶಕ' ಎಂದು ಮಾತ್ರ ಬರೆದರೆ ಮುಂದೆ ಅದನ್ನು ಓದುವವರಿಗೆ ಯಾವ ಆಧಾರವೂ ಸಿಗುವುದಿಲ್ಲ. ಆರಂಭದಲ್ಲಿ ಹೇಳಿದ ಕೆಂಪು ಬಾವುಟ ನಿಮ್ಮ ಮೇಜಿನ ಮೇಲಿದ್ದರೆ ಅದರ ದಾಖಲೆ ಹೀಗಿರಬಹುದು:

'ಕೆಂಪು ಪಾಲಿಯೆಸ್ಟರ್, ಒಂದೇ ಬದಿಯ ಅಚ್ಚು. ನಡುವೆ ಬಿಳಿ ಫಿರಂಗಿ, ಅಕ್ಷರ ಇಲ್ಲ. ಬಣ್ಣ ತುಂಬಿರುವ ಬದಿಯಲ್ಲಿ ಮೂತಿ ಬಲಕ್ಕೆ, ನಳಿಗೆ 2002ರ ಲಾಂಛನದ ಆಕಾರದ್ದು. ಅಂಚು ಹಿಂದಕ್ಕೆ ಮಡಚಿ ಯಂತ್ರದಲ್ಲಿ ಹೊಲಿದಿದೆ. ಕೋಲಿನ ಮಡಿಕೆ ಎಡಕ್ಕೆ. ತೀರ್ಮಾನ: 2002 ಅಥವಾ ನಂತರ. ಅಂಕಣ: ಬಾವುಟ.'